ಮೂವತ್ತೇಳನೇ ಲೈನು

ಆ ಸಾಲನ್ನು ಅವಳು ಮೂರನೆಯ ಸಲ ಓದಿದಳು. ಓದುವುದಕ್ಕೆ ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಮೂವತ್ತೇಳನೇ ಲೈನು ಮುಚ್ಚಲಾಗಿದೆ ಎಂಬ ಅರ್ಥದ ನಾಲ್ಕೇ ಪದಗಳು. ಅದರ ಹಿಂದೆ ಮುಂದೆ, ಯಂತ್ರ ತಾನೇ ದಾಖಲಿಸಿಕೊಂಡ ಸಾವಿರಾರು ಸಾಲುಗಳು ಪರದೆಯ ಮೇಲೆ ಇರುವೆಗಳ ಹಾಗೆ ಹರಿದುಹೋಗಿದ್ದವು. ಮೊದಲ ಸಲ ಕಣ್ಣು ಅದರ ಮೇಲೆ ಬಿದ್ದಾಗ ಎದೆ ಧಸಕ್ಕೆಂದದ್ದು ಅರ್ಥದಿಂದಲ್ಲ, ಗುರುತಿನಿಂದ. ಯಾರದೋ ಮನೆಯಲ್ಲಿ ಯಾವುದೋ ಹಳೆಯ ಪುಸ್ತಕ ತೆರೆದರೆ ಒಳಗೆ ತನ್ನದೇ ಕೈಬರಹ ಕಂಡ ಹಾಗೆ. ಪದಗಳ ನಡುವೆ ಒಂದರ ಬದಲು ಎರಡು ಜಾಗ ಬಿಡುವ ಕೆಟ್ಟ ಅಭ್ಯಾಸ ಆ ಇಡೀ ಆಫೀಸಿನಲ್ಲಿ ಅವಳೊಬ್ಬಳಿಗೇ ಇತ್ತು. ಇಲ್ಲಿಯೂ ಎರಡು ಜಾಗ. ಹೊರಗೆ ಕಾಫಿ ಮೆಷೀನಿನ ಹತ್ತಿರ ಯಾರೋ ನಕ್ಕರು. ತನ್ನನ್ನು ನೋಡಿಯೇ ನಕ್ಕರೇನೋ ಎನ್ನಿಸಿ ಅವಳು ಪರದೆಯ ಮೇಲಿನ ಕಿಟಕಿಯನ್ನು ಚಿಕ್ಕದು ಮಾಡಿದಳು; ಮಾಡಿದ ಮೇಲೆ, ಕದ್ದವರ ಹಾಗೆ ಇದೇನು ಮಾಡುತ್ತಿದ್ದೇನೆ ಎಂದು ಮತ್ತೆ ದೊಡ್ಡದು ಮಾಡಿದಳು. ಗಡಿಯಾರದಲ್ಲಿ ಹತ್ತೂಕಾಲು.

ಮ್ಯಾನೇಜರ್ ಕಳಿಸಿದ ವರದಿಗೆ ಮಧ್ಯಾಹ್ನ ಎರಡು ಗಂಟೆಯೊಳಗೆ ಅವಳ ಸಹಿ ಬೀಳಬೇಕಿತ್ತು. ಮೂರು ಗಂಟೆಗೆ ಆಸ್ಪತ್ರೆಯಲ್ಲಿ ವಿಚಾರಣಾ ಸಮಿತಿ ಸೇರುವುದಿತ್ತು. ವರದಿ ಒಂದೇ ಪುಟ. ಒಂಬತ್ತು ದಿನಗಳ ಹಿಂದೆ, ಹಾಡಹಗಲು, ಅವರ ಕಂಪನಿಯ ಸಿರಿಂಜ್ ಪಂಪು ಕೂಗಬೇಕಾದಾಗ ಕೂಗಿರಲಿಲ್ಲ. ರಕ್ತದೊತ್ತಡ ಬೀಳದಂತೆ ಹಿಡಿದಿಡುವ ಔಷಧವನ್ನು ಹನಿಹನಿಯಾಗಿ ತಳ್ಳುವ ಪೆಟ್ಟಿಗೆ ಅದು. ಅದರ ನಳಿಕೆ ಮಂಚದ ಕಂಬಿಗೆ ಸಿಕ್ಕಿ ಮಡಿಚಿಕೊಂಡಿತ್ತು. ಹನ್ನೊಂದು ನಿಮಿಷ ಒಂದು ಹನಿಯೂ ಒಳಗೆ ಹೋಗಲಿಲ್ಲ. ಹಿಂದಿನ ದಿನವಷ್ಟೇ ಆಪರೇಷನ್ ಆಗಿದ್ದ ರೋಗಿ, ಒಬ್ಬ ಬಸ್ ಡ್ರೈವರ್, ಬದುಕಿಕೊಂಡ. ಆದರೆ ಈಗಲೂ ಮಾತು ತಡವರಿಸುತ್ತದಂತೆ, ಮಗಳ ಹೆಸರಿಗೆ ಹೆಂಡತಿಯ ಹೆಸರು ಹೇಳುತ್ತಾನಂತೆ. ಪಂಪಿನಲ್ಲಿ ದೋಷ ಕಂಡುಬಂದಿಲ್ಲ ಎಂದಿತ್ತು ವರದಿ. ಅಲಾರಮ್ಮನ್ನು ಸಿಬ್ಬಂದಿ ಮುಂಚಿತವಾಗಿಯೇ ಆಫ್ ಮಾಡಿದ್ದರೆ ಅದು ಕೂಗಿದ ದಾಖಲೆ ಉಳಿಯುವುದಿಲ್ಲ, ಇಲ್ಲಿ ದಾಖಲೆ ಇಲ್ಲ, ಆದ್ದರಿಂದ. ಆ ‘ಆದ್ದರಿಂದ’ದ ಕೆಳಗೆ ಒಬ್ಬ ನರ್ಸ್ ಇದ್ದಳು. ಕೆಲಸದಿಂದ ದೂರವಿಟ್ಟಿದ್ದರು.

ಬೆಳಿಗ್ಗೆ ಮನೆಯಲ್ಲಿ ಶೂ ಹಾಕಿಕೊಳ್ಳುವಾಗಲೂ ಅವಳು ಆ ವರದಿಯ ಬಗ್ಗೆ ಯೋಚಿಸಿರಲಿಲ್ಲ. ಸಹಿ ತಾನೇ. ಪಂಪಿನ ಕರ್ನಲ್, ಎಂದರೆ ಎಲ್ಲ ಪ್ರೋಗ್ರಾಮುಗಳ ಕೆಳಗೆ ಕುಳಿತು ಯಂತ್ರದ ಬಿಡಿಭಾಗಗಳೊಂದಿಗೆ ನೇರವಾಗಿ ವ್ಯವಹರಿಸುವ ತಿರುಳು, ಏಳು ವರ್ಷದಿಂದ ಅವಳ ಕೈಯಲ್ಲಿತ್ತು. ಬಿಡಿಭಾಗಗಳು ಏನಾದರೂ ಆದಾಗ ತಮ್ಮ ತಮ್ಮ ಲೈನಿನಿಂದ ಕರ್ನಲನ್ನು ಕರೆಯುತ್ತವೆ. ಅದು ಕೈಲಿದ್ದ ಕೆಲಸ ಬಿಟ್ಟು ಓಗೊಡಬೇಕು. ಆ ಕರೆಗೆ ಇಂಟರಪ್ಟ್ ಎಂದು ಹೆಸರು. ಅತ್ತೆ ನೆರೆಮನೆಯವರಿಗೆ ಇದನ್ನು ಇನ್ನೂ ಚೆನ್ನಾಗಿ ಹೇಳುತ್ತಿದ್ದರು: “ನಮ್ಮ ಸೊಸೆ ಆಸ್ಪತ್ರೆ ಮೆಷೀನಿಗೆ ಕಿವಿ ಇಡ್ತಾಳೆ.” ಮೊದಮೊದಲು ಅವಳಿಗೆ ನಾಚಿಕೆಯಾಗುತ್ತಿತ್ತು, ಆಮೇಲೆ ಒಳಗೊಳಗೇ ಹೆಮ್ಮೆ. ಮೂರು ವರ್ಷದ ಹಿಂದೆ ಪಂಪಿನ ಟಚ್‌ಸ್ಕ್ರೀನು ಒಮ್ಮೊಮ್ಮೆ ಹುಚ್ಚು ಹಿಡಿದಂತೆ ಸೆಕೆಂಡಿಗೆ ಲಕ್ಷ ಸಲ ಕರೆಯತೊಡಗಿ, ಓಗೊಟ್ಟು ಓಗೊಟ್ಟು ಕರ್ನಲ್ ಸೋತು, ಪಂಪು ನಿಂತುಬಿಡುತ್ತಿತ್ತು. ಅವಳು ನಲವತ್ತು ಸಾಲು ಬರೆದಳು. ಯಾವ ಲೈನಾದರೂ ಮಿತಿಮೀರಿ ಕರೆದರೆ ಆ ಲೈನನ್ನೇ ಮುಚ್ಚಿಬಿಡು, ಪಂಪನ್ನು ಆಫ್ ಮಾಡಿ ಆನ್ ಮಾಡುವವರೆಗೆ ಅದರ ಮಾತು ಕೇಳಬೇಡ, ಮುಚ್ಚಿದ್ದನ್ನು ನಾಲ್ಕು ಪದಗಳಲ್ಲಿ ಬರೆದಿಡು. ಮ್ಯಾನೇಜರ್ ಎಲ್ಲರೆದುರು ಕೈ ಕುಲುಕಿದ್ದರು. ಆ ನಲವತ್ತು ಸಾಲಿನ ಕೆಳಗೆ, ಮೂವತ್ತು ಜನ ನೋಡುವ ಪುಟದಲ್ಲಿ, ಪರೀಕ್ಷಾ ವಿಭಾಗದ ಹಿರಿಯ ಒಂದು ಪ್ರಶ್ನೆ ಹಾಕಿದ್ದ: ಒಂದೇ ಲೈನಿನಲ್ಲಿ ಇಬ್ಬರಿದ್ದರೆ? ಒಬ್ಬರ ಗಲಾಟೆಗೆ ಇನ್ನೊಬ್ಬರ ಬಾಯಿಯನ್ನೂ ಮುಚ್ಚಿದಂತಾಗುವುದಿಲ್ಲವೆ?

ಅವಳು ಉತ್ತರ ಬರೆದಿದ್ದಳು. ಉತ್ತರದ ಪ್ರತಿಯೊಂದು ಪದವೂ ಈಗ ನಾಲಿಗೆಯ ಮೇಲೆ ಬಂತು, ಕಹಿ ಮಾತ್ರೆ ಕರಗಿದ ಹಾಗೆ. ಅನುಮಾನ ಪಡುವ ಮೊದಲು ಬೋರ್ಡಿನ ನಕ್ಷೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಪಂಪಿನ ಆಗಿನ ಸರ್ಕ್ಯೂಟ್ ಬೋರ್ಡಿನಲ್ಲಿ ಒಂದೊಂದು ಲೈನಿಗೆ ಒಬ್ಬೊಬ್ಬರೇ ಇದ್ದರು; ಅವಳು ಹೇಳಿದ್ದು ನಿಜವೇ ಆಗಿತ್ತು. ಹದಿನಾಲ್ಕು ಜನ ಅದರ ಕೆಳಗೆ ನಗುವ ಮುಖ ಒತ್ತಿದರು. ಆವತ್ತಿನಿಂದ ಆತನಿಗೆ ಆಫೀಸಿನಲ್ಲಿ ‘ಅನುಮಾನ’ ಎಂದೇ ಹೆಸರಾಯಿತು. ಅನುಮಾನ ಎಲ್ಲಿ? ಅನುಮಾನ ಊಟಕ್ಕೆ ಹೋಗಿದೆ. ಐವತ್ತು ದಾಟಿದ ಮನುಷ್ಯ. ಕರೆದರೆ ನಗುತ್ತಲೇ ತಿರುಗುತ್ತಿದ್ದ. ಹೆಸರಿಟ್ಟದ್ದು ನಾನಲ್ಲ ಎಂದು ಅವಳು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಳು. ಅದಾಗಿ ಒಂದೂವರೆ ವರ್ಷಕ್ಕೆ ಹೊಸ ಬೋರ್ಡು ಬಂತು. ಅದರಲ್ಲಿ ಲೈನುಗಳು ಕಡಿಮೆ. ಟಚ್‌ಸ್ಕ್ರೀನೂ ನಳಿಕೆಯ ಒತ್ತಡ ನೋಡುವ ಸೆನ್ಸರೂ ಮೂವತ್ತೇಳನೇ ಲೈನನ್ನು ಹಂಚಿಕೊಂಡಿದ್ದವು. ಹೊಸ ಬೋರ್ಡಿಗೆ ಕರ್ನಲನ್ನು ಹೊಂದಿಸಿ ಒಪ್ಪಿಗೆ ಕೊಟ್ಟದ್ದು ಅವಳೇ. ಈಗ ಅವಳು ಆ ಒಪ್ಪಿಗೆಯ ದಿನಾಂಕ ಹುಡುಕಿದಳು, ಕ್ಯಾಲೆಂಡರ್ ತೆರೆದಳು, ಆವತ್ತು ಏನಾಗಿತ್ತು ಎಂದು ನೋಡಿದಳು. ಜ್ವರ? ಗಂಡನೊಂದಿಗೆ ಜಗಳ? ಅತ್ತೆಯ ಕಣ್ಣಿನ ಆಪರೇಷನ್ ಆ ತಿಂಗಳೇ ಅಲ್ಲವೆ? ಅಲ್ಲ, ಮುಂದಿನ ತಿಂಗಳು. ಅದೊಂದು ಮಂಗಳವಾರ. ಏನೂ ಆಗಿರಲಿಲ್ಲ. ಚೆನ್ನಾಗಿ ನಿದ್ದೆ ಮಾಡಿ, ಹೊಟ್ಟೆ ತುಂಬ ತಿಂದು, ಆರಾಮಾಗಿ ಕುಳಿತು ಅವಳು ಅದನ್ನು ನೋಡದೆ ಹೋಗಿದ್ದಳು.

ಫೋನು ನಡುಗಿತು. ಅತ್ತೆ. ತೆಗೆಯಬಾರದು ಎಂದುಕೊಳ್ಳುತ್ತಲೇ ತೆಗೆದಳು.

“ನಿನ್ನ ಡಬ್ಬಿ ಇಲ್ಲೇ ಬಿಟ್ಟು ಹೋಗಿದೀಯಲ್ಲೇ.”

“ಹೂಂ ಅತ್ತೆ.”

“ಹೂಂ ಅಂದ್ರೆ? ಏನು ತಿಂತೀಯ?” ಆಮೇಲೆ, ದನಿ ತಗ್ಗಿಸಿ, “ಯಾರಾದ್ರೂ ಏನಾದ್ರೂ ಅಂದ್ರಾ?”

“ಇಲ್ಲ ಅತ್ತೆ. ನಾನೇ ಒಬ್ಬರಿಗೆ ಅಂದಿದ್ದೆ. ಮೂರು ವರ್ಷ ಆಯ್ತು.”

“ಮೂರು ವರ್ಷ ಆದ್ಮೇಲೆ ಈಗೇನು ಬಂತು ಅದಕ್ಕೆ?”

ಆ ಸಾಲನ್ನು ಈ ಆಫೀಸಿನಲ್ಲಿ ಅರ್ಥ ಮಾಡಿಕೊಳ್ಳುವವರು ತನ್ನನ್ನು ಬಿಟ್ಟರೆ ಯಾರೂ ಇಲ್ಲ ಎಂಬುದು ಫೋನು ಇಟ್ಟ ಮೇಲೆ ಅವಳಿಗೆ ಹೊಳೆಯಿತು. ಹೊಳೆದದ್ದಲ್ಲ, ಹತ್ತೂಕಾಲಿನಿಂದ ಅದು ಅಲ್ಲೇ ಇತ್ತು, ಅವಳೇ ಅದರ ಕಡೆ ಮುಖ ಮಾಡಿರಲಿಲ್ಲ. ಆಸ್ಪತ್ರೆಯ ಟೆಕ್ನೀಷಿಯನ್ ಏನು ಕಳಿಸಬೇಕೆಂದು ತಿಳಿಯದೆ ಪಂಪಿನ ನೆನಪನ್ನೆಲ್ಲ ನಕಲು ಮಾಡಿ ಕಳಿಸಿದ್ದರಿಂದ ಆ ಸಾಲು ಬಂದಿತ್ತು. ಸಹಿ ಹಾಕಿದರೆ ಮುಗಿಯಿತು. ಮುಂದಿನ ತಿಂಗಳ ಹೊಸ ಆವೃತ್ತಿಯಲ್ಲಿ ಸದ್ದಿಲ್ಲದೆ ಸರಿಮಾಡಬಹುದು. ಸೆನ್ಸರು ಸತ್ತಿದ್ದರೂ ಹೀಗೇ ಆಗುತ್ತಿತ್ತಲ್ಲ? ಆ ನರ್ಸ್ ನಿಜವಾಗಿ ಬಟನ್ ಒತ್ತಿರಲೂಬಹುದಲ್ಲ? ವಾದಗಳು ಒಂದರ ಹಿಂದೆ ಒಂದು ಸಲೀಸಾಗಿ ಬರುತ್ತಿದ್ದವು. ಆ ಸಲೀಸಿಗೇ ಅವಳಿಗೆ ಹೆದರಿಕೆಯಾಯಿತು. ಎದ್ದು ಪರೀಕ್ಷಾ ಕೋಣೆಗೆ ನಡೆದಳು.

ಅನುಮಾನ ಬೆಂಚಿನ ಮೇಲೆ ಪಂಪೊಂದನ್ನು ಬಿಚ್ಚಿಟ್ಟುಕೊಂಡು ತಿರುಪುಗಳನ್ನು ಬಾಟಲಿಯ ಮುಚ್ಚಳದಲ್ಲಿ ಹಾಕುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಯಾವಾಗಲೂ ಏಳುತ್ತಿದ್ದನೆ, ಅಥವಾ ಆ ಉತ್ತರದ ನಂತರ ಏಳತೊಡಗಿದನೆ? ಅವಳಿಗೆ ನೆನಪಾಗಲಿಲ್ಲ.

“ಹೊಸ ಬೋರ್ಡಿನ ಪಂಪ್ ಒಂದು ಬೇಕಿತ್ತು. ನೀರು ತುಂಬಿದ ಸಿರಿಂಜು ಹಾಕಿ. ಮತ್ತೆ ಸ್ಪಿರಿಟ್, ಹತ್ತಿ.”

ಆತ ಯಾಕೆ ಎಂದು ಕೇಳಲಿಲ್ಲ. ಒಂದು ಕಾಲದಲ್ಲಿ ಕೇಳುತ್ತಿದ್ದ. ನಳಿಕೆಯ ತುದಿಯನ್ನು ಗಾಜಿನ ಲೋಟದಲ್ಲಿ ಬಿಟ್ಟು ಪಂಪು ಚಾಲೂ ಮಾಡಿದ. ಅವಳು ಹತ್ತಿ ಒದ್ದೆ ಮಾಡಿ ಸ್ಕ್ರೀನನ್ನು ಒರೆಸಿದಳು, ವಾರ್ಡಿನಲ್ಲಿ ಒರೆಸುವ ಹಾಗೆ, ಮೂಲೆ ಮೂಲೆಗೂ. ನರ್ಸಿನ ಹೇಳಿಕೆಯಲ್ಲಿ ಒಂದು ಕಡೆ ಇತ್ತು: ಎರಡೂವರೆಗೆ ಎಲ್ಲ ಪಂಪುಗಳನ್ನೂ ಕ್ಲೀನ್ ಮಾಡಿದೆ. ಅದನ್ನು ಯಾರೂ ಗಮನಿಸಿರಲಿಲ್ಲ, ಅವಳೂ. ಒದ್ದೆ ಸ್ಕ್ರೀನಿನ ಮೇಲೆ ಇಲ್ಲದ ಬೆರಳುಗಳು ಸಾವಿರ ಕಡೆ ಒತ್ತಿದವು. ಪಕ್ಕದ ಕಂಪ್ಯೂಟರಿನಲ್ಲಿ ಆ ನಾಲ್ಕು ಪದಗಳು ಮೂಡಿದವು. ಅವಳು ಕ್ಲಿಪ್ಪಿನಿಂದ ನಳಿಕೆಯನ್ನು ಬಿಗಿದಳು. ನಲವತ್ತು ಸೆಕೆಂಡಿಗೆ ಪಂಪು ಕೂಗಬೇಕು. ಐವತ್ತಾಯಿತು. ಎಂಬತ್ತು. ಎರಡು ನಿಮಿಷ. ಕೋಣೆಯಲ್ಲಿ ಪಂಪಿನ ಮೋಟಾರಿನ ಸಣ್ಣ ಗುಂಯ್ ಬಿಟ್ಟರೆ ಸದ್ದಿಲ್ಲ. ಸಿರಿಂಜಿನ ಒಳಗೆ ಒತ್ತಡ ಏರಿ ಏರಿ ರಬ್ಬರು ಬಿಳಿಚಿಕೊಂಡಿತು. ಹಸಿರು ದೀಪ ಮಾತ್ರ ಎಲ್ಲ ಸರಿಯಾಗಿದೆ ಎನ್ನುವಂತೆ ಉರಿಯುತ್ತಿತ್ತು.

“ನೀವು ಹೇಳಿದ್ರಿ,” ಎಂದಳು, ಆತನ ಮುಖ ನೋಡದೆ. “ಆವತ್ತೇ ಹೇಳಿದ್ರಿ.”

ಆತ ಪಂಪನ್ನು ಆಫ್ ಮಾಡಿದ. ಗೆದ್ದವನ ಮುಖ ನೋಡಬೇಕಾಗುತ್ತದೆ ಎಂದು ಅವಳು ಹಲ್ಲು ಕಚ್ಚಿ ತಯಾರಾಗಿದ್ದಳು. ಒಂದು ರೀತಿಯಲ್ಲಿ ಅದು ಬೇಕೂ ಆಗಿತ್ತು. ಆದರೆ ಆತ ಸ್ಟೂಲಿನ ಮೇಲೆ ಕುಸಿದು ಕುಳಿತ.

“ಹೇಳಿದ್ದು ಒಂದೇ ಸಲ ಮೇಡಂ. ಹೊಸ ಬೋರ್ಡಿನ ನಕ್ಷೆ ಬಂದಾಗ ನೋಡಿದ್ದೆ. ಇಬ್ಬರೂ ಒಂದೇ ಲೈನಿನಲ್ಲಿ ಇದಾರೆ ಅಂತ ಆವತ್ತೇ ಕಂಡಿತ್ತು.”

“ಮತ್ತೆ?”

“ನಿಮಗೆ ಗೊತ್ತಿರತ್ತೆ ಅಂದ್ಕೊಂಡೆ.” ಆತ ತಿರುಪಿನ ಮುಚ್ಚಳವನ್ನು ಅತ್ತಿಂದಿತ್ತ ಸರಿಸಿದ. “ಸುಳ್ಳು. ಹಾಗಂದ್ಕೊಳ್ಳಲಿಲ್ಲ. ಇನ್ನೊಂದು ಸಲ ನಗೆಪಾಟಲು ಆಗೋದು ಬೇಡ ಅಂದ್ಕೊಂಡೆ. ಬರೆಯೋಕೆ ಕೂತಿದ್ದೆ ಮೇಡಂ, ಎರಡು ಸಾಲು ಬರೆದೂ ಬರೆದಿದ್ದೆ. ಅಳಿಸಿಬಿಟ್ಟೆ.”

ಇದಕ್ಕೆ ಅವಳು ತಯಾರಿರಲಿಲ್ಲ. ಇಷ್ಟು ಹೊತ್ತು ತಪ್ಪು ಒಂದು ಮಂಗಳವಾರದ್ದಾಗಿತ್ತು, ಕಣ್ತಪ್ಪಿನದಾಗಿತ್ತು, ಅದಕ್ಕೊಂದು ಅಳತೆ ಇತ್ತು. ಈಗ ಅದು ಹಿಂದಕ್ಕೆ ಹರಡಿತು. ಹದಿನಾಲ್ಕು ನಗುವ ಮುಖಗಳಿಗೆ, ಆವತ್ತು ಮಧ್ಯಾಹ್ನ ಮೈಯಲ್ಲಿ ಎದ್ದಿದ್ದ ಆ ಬೆಚ್ಚಗಿನ ಸುಖಕ್ಕೆ. ಆ ಸುಖದ ನೆನಪು ಇನ್ನೂ ಮಾಸಿರಲಿಲ್ಲ ಎಂಬುದೇ ಅವಳಿಗೆ ಅಸಹ್ಯವಾಯಿತು. ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ಕ್ಷಮಿಸಿ ಎಂದರೆ ಆತ ಪರವಾಗಿಲ್ಲ ಎನ್ನಬೇಕಾಗುತ್ತದೆ, ಅಭ್ಯಾಸದಂತೆ ಎದ್ದು ನಿಂತು. “ಸಮಿತಿಗೆ ಅದನ್ನು ಕೂಡ ನಾನು ಬರೀತೀನಿ,” ಎಂದಳು. “ನನ್ನ ಉತ್ತರವನ್ನ. ಇದ್ದಿದ್ದು ಇದ್ದ ಹಾಗೆ.”

ಮ್ಯಾನೇಜರ್ ಕೋಣೆಯಲ್ಲಿ ಊಟದ ವಾಸನೆ ಇನ್ನೂ ಇತ್ತು. ಅವರು ಕೆಟ್ಟವರಲ್ಲ, ಅವಳ ಮಾತನ್ನು ನಡುವೆ ತಡೆಯದೆ ಪೂರ್ತಿ ಕೇಳಿದರು, ಕೇಳುತ್ತ ಕೇಳುತ್ತ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಹೊಸ ಬೋರ್ಡಿನವು ಹೊರಗೆ ಎಷ್ಟಿವೆ?”

“ನಾನೂರ ಹನ್ನೆರಡು.”

“ಲಾಯರ್ ನೋಡದೆ ಇದರಲ್ಲಿ ಒಂದಕ್ಷರ ಹೊರಗೆ ಹೋಗೋ ಹಾಗಿಲ್ಲ. ನಿಮಗೂ ಗೊತ್ತು. ಸಂಜೆವರೆಗೆ ಟೈಮ್ ಕೊಡಿ ಮೇಡಂ.”

“ಸಂಜೆಯೊಳಗೆ ಎಷ್ಟು ಸ್ಕ್ರೀನ್ ಒರೆಸ್ತಾರೆ ಸರ್?”

“ಹೆದರಿಸ್ತಿದೀರಾ?”

“ಇಲ್ಲ ಸರ್. ನನಗೆ ಹೆದರಿಕೆ ಆಗ್ತಿದೆ.”

ಅವರು ಕಿಟಕಿಯ ಕಡೆ ತಿರುಗಿದರು. ಕೆಳಗೆ ರಸ್ತೆಯಲ್ಲಿ ಯಾರದೋ ಕಾರನ್ನು ನಾಲ್ಕು ಜನ ತಳ್ಳುತ್ತಿದ್ದರು. “ನಿಮ್ಮ ಏಳು ವರ್ಷದ ಕೆಲಸ ಇದೆ. ಇದು ಹೊರಗೆ ಬಂದರೆ ಯಾರ ಹೆಸರು ಮುಂದೆ ಬರತ್ತೆ ಅಂತ ಯೋಚನೆ ಮಾಡಿದೀರಾ?” ಅವಳು ಯೋಚಿಸಿದ್ದಳು, ಬೇರೇನನ್ನೂ ಯೋಚಿಸದಷ್ಟು ಯೋಚಿಸಿದ್ದಳು. ಸಹಿ ಹಾಕದ ವರದಿಯನ್ನು ಮೇಜಿನ ಮೇಲಿಟ್ಟು ಹೊರಬಂದಳು. ಮೆಟ್ಟಿಲ ಬಳಿ ನಿಂತು, ದೂರಿನ ಕಡತದಲ್ಲಿದ್ದ ನರ್ಸಿನ ನಂಬರು ಒತ್ತಿದಳು.

“ಪಂಪ್ ಕಂಪನಿಯಿಂದ ಮಾತಾಡ್ತಿದೀನಿ.”

“ಬೆಳಿಗ್ಗೆನೇ ಎಲ್ಲ ಬರೆದು ಕೊಟ್ಟಾಯ್ತಲ್ಲ ಮೇಡಂ. ಇನ್ನೇನು?”

“ಏನಂತ ಬರೆದು ಕೊಟ್ರಿ?”

“ಅಲಾರಂ ನಾನೇ ಆಫ್ ಮಾಡಿದೆ ಅಂತ. ತಪ್ಪಾಯ್ತು ಅಂತ.”

ಅವಳು ಗೋಡೆಗೆ ಒರಗಿದಳು. “ಮಾಡಿದ್ರಾ?”

ಆ ಕಡೆ ಕುಕ್ಕರಿನ ಶಿಳ್ಳೆ ಕೇಳಿಸಿತು. ಯಾರೋ ಒಲೆ ಆರಿಸಿದರು. “ಮೊದಲು ಇಲ್ಲ ಅಂತಿದ್ದೆ. ಮೂರು ದಿನ ಇಲ್ಲ ಅಂದೆ. ಎಲ್ಲರೂ ಕೇಳೋರೇ, ಮನೇಲೂ. ನೆನಪು ಮಾಡ್ಕೋ, ಸರಿಯಾಗಿ ನೆನಪು ಮಾಡ್ಕೋ ಅಂತ. ಈಗ ಕಣ್ಣು ಮುಚ್ಚಿದ್ರೆ ನನ್ನ ಬೆರಳು ಆ ಬಟನ್ ಮೇಲೆ ಇರೋದು ಕಾಣತ್ತೆ ಮೇಡಂ. ಉಗುರು ಸಮೇತ ಕಾಣತ್ತೆ. ಒತ್ತಿರಬೇಕು.”

“ಆವತ್ತು ಸ್ಕ್ರೀನ್ ಒರೆಸಿದ್ರಾ? ಸ್ಪಿರಿಟ್ಟಲ್ಲಿ?”

“ಒರೆಸ್ದೆ. ದಿನಾ ಒರೆಸ್ತೀನಿ.” ದನಿ ಒಮ್ಮೆಲೇ ಗಟ್ಟಿಯಾಯಿತು. “ಯಾಕೆ, ಅದೂ ತಪ್ಪಾ?”

“ಅಲ್ಲ. ತಪ್ಪು ನಂದು. ನೀವು ಯಾವ ಬಟನ್ನೂ ಒತ್ತಲಿಲ್ಲ. ಪಂಪ್ ಕೂಗಲೇ ಇಲ್ಲ. ಸ್ಕ್ರೀನ್ ಒದ್ದೆ ಆದ್ರೆ ಅದಕ್ಕೆ ನಳಿಕೆ ಸಿಕ್ಕಿಕೊಂಡಿದ್ದು ಗೊತ್ತಾಗಲ್ಲ. ಹಾಗೆ ಆಗಿರೋದು ನಾನು ಬರೆದಿದ್ದರಿಂದ. ಈಗ ತಾನೇ ಮಾಡಿ ನೋಡಿದೆ.”

ಅಳುತ್ತಾಳೇನೋ, ಬೈಯುತ್ತಾಳೇನೋ ಎಂದು ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು.

“ಒಂಬತ್ತು ದಿನ ಆಯ್ತಲ್ಲ ಮೇಡಂ,” ಎಂದಳು ನರ್ಸ್. ಅಷ್ಟೇ.

ಪಂಪನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಅನುಮಾನ ಕಾರಿನಲ್ಲಿ ಅವಳ ಪಕ್ಕ ಕುಳಿತಿದ್ದ. ಬರುತ್ತೀರಾ ಎಂದು ಅವಳು ಕೇಳಿರಲಿಲ್ಲ. ಪ್ರತಿ ಕೆಂಪು ದೀಪದಲ್ಲೂ ಅವಳು ಗಡಿಯಾರ ನೋಡಿದಳು; ಪ್ರತಿ ಸಲವೂ, ಎಲ್ಲೋ ಒಂದು ವಾರ್ಡಿನಲ್ಲಿ ಒದ್ದೆ ಹತ್ತಿ ಹಿಡಿದ ಕೈಯೊಂದು ಅವಳ ಕಣ್ಣಿಗೆ ಕಟ್ಟಿತು. ಸೇತುವೆಯ ಹತ್ತಿರ ಇಬ್ಬರ ಫೋನೂ ಒಟ್ಟಿಗೆ ಸದ್ದು ಮಾಡಿದವು. ಎಲ್ಲ ಆಸ್ಪತ್ರೆಗಳಿಗೂ ಹೋದ ಸೂಚನೆ. ಪಂಪ್ ನಡೆಯುತ್ತಿರುವಾಗ ಸ್ಕ್ರೀನ್ ಒರೆಸಬೇಡಿ. ಒರೆಸಿದ್ದರೆ ಕೂಡಲೇ ಪಂಪ್ ಬದಲಿಸಿ. ಕೆಳಗೆ ಮ್ಯಾನೇಜರ್ ತಮ್ಮದೇ ಹೆಸರು ಹಾಕಿದ್ದರು. ಲಾಯರ್ ನೋಡಿದ್ದರೋ ಇಲ್ಲವೋ. ನಾಳೆ ಒಂಬತ್ತಕ್ಕೆ ನೀವು ಲಾಯರ್ ಮುಂದೆ ಕೂರಬೇಕು ಎಂದು ಅವಳೊಬ್ಬಳಿಗೇ ಇನ್ನೊಂದು ಸಾಲು ಬಂದಿತ್ತು. ಅವಳು ಫೋನನ್ನು ಚೀಲಕ್ಕೆ ಹಾಕಿದಳು.

ಸಮಿತಿಯ ಕೋಣೆಯಲ್ಲಿ ಉದ್ದ ಮೇಜಿನ ಆ ಬದಿ ಮೂವರು ಇದ್ದರು: ಅಧ್ಯಕ್ಷರಾದ ಹಿರಿಯ ಡಾಕ್ಟರ್, ಕಚೇರಿಯ ಅಧಿಕಾರಿ, ಮುಖ್ಯ ನರ್ಸ್. ಬಾಗಿಲ ಬಳಿಯ ಕುರ್ಚಿಯಲ್ಲಿ ಒಬ್ಬ ಹೆಂಗಸು, ಚೀಲವನ್ನು ಮಡಿಲಲ್ಲಿ ಅವುಚಿಕೊಂಡು. ಫೋನಿನ ದನಿ ಕೇಳಿ ಅವಳು ನರ್ಸನ್ನು ಯಾವುದೋ ಚಿಕ್ಕ ಹುಡುಗಿ ಎಂದುಕೊಂಡಿದ್ದಳು. ಇವಳು ತನ್ನದೇ ವಯಸ್ಸಿನವಳು, ಕಿವಿಯ ಹತ್ತಿರ ಕೂದಲು ನೆರೆತಿತ್ತು. ತಾನೇ ಆ ನರ್ಸ್ ಎಂದು ಹೇಳುವ ಹಾಗೆ ಆ ಹೆಂಗಸು ಒಮ್ಮೆ ತಲೆಯಾಡಿಸಿದಳು. ನಗಲಿಲ್ಲ.

ಅವಳು ಹೇಳಬೇಕಾದ್ದನ್ನು ಹೇಳಿದಳು. ಹಳೆಯ ಪ್ರಶ್ನೆಯನ್ನೂ ತನ್ನ ಉತ್ತರವನ್ನೂ ಓದಿದಳು. ಓದುವಾಗ ಕಿವಿ ಬಿಸಿಯಾಯಿತು, ಅನುಮಾನ ನೆಲ ನೋಡುತ್ತಿದ್ದ. ಡಾಕ್ಟರ್ ಬಾಯಿಮಾತು ನಂಬುವವರಾಗಿ ಕಾಣಲಿಲ್ಲ. “ಹನ್ನೊಂದು ನಿಮಿಷವೂ ಕೂಗಲ್ಲ ಅಂತೀರಾ? ತೋರಿಸಿ,” ಎಂದರು. ಪಂಪು ಮೇಜಿನ ಮೇಲೆ ಬಂತು. ನೀರಿನ ಸಿರಿಂಜು, ನಳಿಕೆ, ಲೋಟ. ಅವಳು ಸ್ಕ್ರೀನ್ ಒರೆಸಿ ನಳಿಕೆಗೆ ಕ್ಲಿಪ್ಪು ಹಾಕಿದಳು. ಡಾಕ್ಟರ್ ಕೈಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡರು.

ಒಂದು ನಿಮಿಷ. ಅಧಿಕಾರಿ ಕೆಮ್ಮಿದರು. ಎರಡು. ಈಗ ಎಲ್ಲಾದರೂ ಕೂಗಿಬಿಟ್ಟರೆ ಎಂಬ ಭಯ ಅವಳಿಗೆ. ಅದರ ಅಡಿಯಲ್ಲಿ, ಕೂಗಿಬಿಡಲಿ ಎಂಬ ಆಸೆಯೂ ಇತ್ತು, ಇನ್ನೂ. ಮೂರು. ಲೋಟದ ನೀರು ಅಲ್ಲಾಡಲಿಲ್ಲ. ನಾಲ್ಕು ನಿಮಿಷ ದಾಟಿದಾಗ ಕುರ್ಚಿ ಸರಿದ ಸದ್ದಾಯಿತು. ನರ್ಸ್ ಎದ್ದು ನೇರವಾಗಿ ಮೇಜಿನ ಬಳಿಗೆ ಬಂದಳು, ಯಾರನ್ನೂ ಕೇಳದೆ ಎರಡು ಬೆರಳಿನಲ್ಲಿ ಕ್ಲಿಪ್ಪು ಬಿಡಿಸಿದಳು, ನಳಿಕೆಯನ್ನು ಉದ್ದಕ್ಕೂ ಸವರಿ ನೇರ ಮಾಡಿದಳು. ತಡೆದಿದ್ದ ನೀರು ಲೋಟಕ್ಕೆ ಚಿಮ್ಮಿತು.

“ಇನ್ನೂ ಏಳು ನಿಮಿಷ ಇದೆಯಲ್ಲಮ್ಮ,” ಎಂದರು ಡಾಕ್ಟರ್.

“ನೋಡ್ತಾ ಕೂರಕ್ಕಾಗಲ್ಲ ಸರ್.”

ಡಾಕ್ಟರ್ ಕಡತದಿಂದ ಬೆಳಗಿನ ತಪ್ಪೊಪ್ಪಿಗೆಯ ಕಾಗದ ತೆಗೆದು, ಹರಿಯಲು ಎರಡೂ ಕೈಯಲ್ಲಿ ಹಿಡಿದರು. ನರ್ಸ್ ಕೈ ಚಾಚಿದಳು. “ಹರೀಬೇಡಿ ಸರ್. ನನಗೆ ಕೊಡಿ.” ಅದನ್ನು ನಾಲ್ಕಾಗಿ ಮಡಿಸಿ ಚೀಲದಲ್ಲಿಟ್ಟುಕೊಂಡಳು. ಆಮೇಲೆ ಅವಳ ಕಡೆ ನೇರವಾಗಿ ತಿರುಗಿದಳು. ಆ ನೋಟದಲ್ಲಿ ಕ್ಷಮೆ ಇರಲಿಲ್ಲ. ಅವಳು ಅದನ್ನು ಕೇಳುವ ಸ್ಥಿತಿಯಲ್ಲೂ ಇರಲಿಲ್ಲ.

“ಆವತ್ತೂ ಅಲಾರಂ ಕೇಳಿ ಬಂದಿದ್ದಲ್ಲ ನಾನು,” ಎಂದಳು ನರ್ಸ್. “ಪಕ್ಕದ ಮಂಚಕ್ಕೆ ಹೋಗ್ತಿದ್ದೆ. ಆ ಡ್ರೈವರ್ ಮುಖದ ಬಣ್ಣ ನೋಡಿ ನಿಂತೆ. ಆಮೇಲೆ ನಳಿಕೆ ನೋಡಿದೆ. ಅದನ್ನ ಮಾತ್ರ ಯಾರೂ ಕೇಳಲಿಲ್ಲ.”

ಅವಳು ಕುರ್ಚಿ ಎಳೆದುಕೊಂಡು ನರ್ಸಿನ ಎದುರಿಗೆ ಕುಳಿತಳು. ಖಾಲಿ ಹಾಳೆಯೊಂದನ್ನು ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, “ಹೇಳಿ,” ಎಂದಳು. “ಮೊದಲಿಂದ ಹೇಳಿ.”